ಒದೆಯುವ ಮನೆತನ

ಒಂಬತ್ತು ವರ್ಷಗಳಿಂದ ನಾನು ಕಲಬುರಗಿ–ಕಮಲಾಪುರ ಬಸ್ಸಿನಲ್ಲಿ ಕಂಡಕ್ಟರ್. ನನ್ನ ಗಂಟಲಿಗೆ ಹೆದರಿ ಮುಂದೆ ಸರಿಯದ ಪ್ರಯಾಣಿಕ ಈ ಹಾದಿಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಹುಟ್ಟುವುದಕ್ಕೆ ಇನ್ನೂ ಏಳು ವಾರ ಬಾಕಿಯಿದ್ದ ಒಂದು ಜೀವ ನನ್ನ ಆ ಸೊಕ್ಕು ಮುರಿಯಿತು.

ಡಾಕ್ಟರ್ ಗೌಸಿಯಾ ಅವರ ದವಾಖಾನೆ ಶರಣಬಸವೇಶ್ವರ ದೇವಸ್ಥಾನದ ಹಿಂದಿನ ಓಣಿಯಲ್ಲಿದೆ. ಅವರು ನನ್ನ ಹೊಟ್ಟೆಗೆ ತಣ್ಣನೆಯ ಜೆಲ್ ಬಳಿದು, ಸ್ಕ್ಯಾನಿಂಗ್ ಯಂತ್ರವನ್ನು ಅತ್ತಿತ್ತ ಆಡಿಸಿ, ಕನ್ನಡಕ ಮೇಲೇರಿಸಿದರು.

"ತಲಿ ಇನ್ನಾ ಮ್ಯಾಲೇ ಅದ ನೋಡ್ರಿ ವಿಜಯಶ್ರೀ. ಇಷ್ಟೊತ್ತಿಗೆ ಕೆಳಗ ಬಂದಿದ್ರ ಛಲೋ ಇತ್ತು. ಇರ್ಲಿ, ಇನ್ನಾ ಟೈಮ್ ಅದ, ತಾನೇ ತಿರಗಬಹುದು."

ಅವರು ಹೇಳಿದ್ದು ಇಷ್ಟೇ. ಇದನ್ನೇ ನಾನು ಹೊರಗೆ ಬಂದು ನನ್ನ ಅಪ್ಪ ದತ್ತಪ್ಪನಿಗೆ ಹೇಳಿದೆ. ಅಪ್ಪ ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಲೆಕ್ಕ ಹಾಕಿದ.

"ತಲಿ ಮ್ಯಾಲದ ಅಂದ್ರ, ಕೆಳಗ ಕಾಲೇ ಇರಬೇಕಲ್ಲ."

"ಇರಬೇಕು."

ಅಪ್ಪನ ಕಣ್ಣಲ್ಲಿ ನೀರು ಬಂತು. ನಾನು ಕಂಡಕ್ಟರ್ ಪರೀಕ್ಷೆ ಪಾಸಾದಾಗ ಬಾರದ ನೀರು, ನನ್ನ ಮದುವೆಯಲ್ಲಿ ಬಾರದ ನೀರು, ಮೊಮ್ಮಗು ತಲೆಕೆಳಗಾಗಿಲ್ಲ ಎಂದು ಕೇಳಿದ ಮೇಲೆ ಬಂತು. ಸೂಪರ್ ಮಾರ್ಕೆಟ್ಟಿಗೆ ಹೋಗಿ ಪೇಡೆ ತಂದು, ಕಮಲಾಪುರ ಮುಟ್ಟುವಷ್ಟರಲ್ಲಿ ಇಡೀ ಬಸ್ಸಿಗೆ ಹಂಚಿದ.

ಈ ಹುಚ್ಚಿಗೆ ಕಾರಣವಿದೆ. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಹಿಡಿದುಕೊಂಡ ನಡ ಬಿಡುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಭಾರ ಎತ್ತುವಾಗ ಸೊಂಟ ಚಳಕ್ ಎಂದು ಹಿಡಿದು, ಬಿಲ್ಲಿನಂತೆ ಬಾಗಿ, ಶಾಪ ಹಾಕುತ್ತ ನಡೆಯುವವರನ್ನು ನೀವೂ ನೋಡಿರುತ್ತೀರಿ. ಅಂಥವರು ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಯಾರನ್ನಾದರೂ "ಒದಿಯೋ ಅಮ್ಮನ ಮನಿ ಎಲ್ಲದ" ಎಂದು ಕೇಳಿದರೆ ಸಾಕು, ನಮ್ಮ ಮನೆಗೆ ತಂದು ಬಿಡುತ್ತಾರೆ. ಆ ಅಮ್ಮ ನನ್ನ ಆಯಿ ಹಣಮಮ್ಮ, ಅಪ್ಪನ ತಾಯಿ. ನಿಜಾಮನ ಕಾಲದಲ್ಲಿ ಕಾಲು ಮುಂದಾಗಿ ಹುಟ್ಟಿದವಳು. ರೋಗಿ ಹೊಸ್ತಿಲಿಗೆ ಅಡ್ಡ ಬೋರಲು ಮಲಗಬೇಕು. ಆಯಿ ಎಡಗಾಲ ಹಿಮ್ಮಡಿಯಿಂದ ಮೂರು ಸಲ ಒದೆಯುತ್ತಾಳೆ. ಎದ್ದವರು ಹಿಂದೆ ತಿರುಗಿ ನೋಡದೆ ಹೋಗಬೇಕು. ಹಿಂದೆ ನೋಡದೆ ಮುಂದೆ ನಡೆದರೆ ಎದುರಿಗೆ ಸಿಗುವುದು ಅಪ್ಪನ ಬಾಳೆಹಣ್ಣಿನ ಅಂಗಡಿ. ಕಮಲಾಪುರದ ಕೆಂಪು ಬಾಳೆಹಣ್ಣು ಕೊಳ್ಳದೆ ಗುಣವಾಗಿ ಹೋದವರು ಕಡಿಮೆ.

ನಮ್ಮದು ಊರಿನಲ್ಲಿ ದೊಡ್ಡ ಮನೆತನವೇನಲ್ಲ. ಒಂದು ಕಾಲದಲ್ಲಿ ನಮ್ಮವರು ಗೌಡರ ಅಂಗಳದ ಆಚೆ ನಿಂತು ಮಾತಾಡಬೇಕಿತ್ತು. ಅದೇ ಗೌಡರು, ಅವರ ಮಕ್ಕಳು, ತಹಶೀಲ್ದಾರರು, ಒಬ್ಬ ನಿವೃತ್ತ ಪೊಲೀಸ್ ಅಧಿಕಾರಿ, ಎಲ್ಲರೂ ನಮ್ಮ ಹೊಸ್ತಿಲ ಮೇಲೆ ಬೋರಲು ಬಿದ್ದು ಆಯಿಯಿಂದ ಒದೆ ತಿಂದು ಕೈಮುಗಿದು ಹೋಗಿದ್ದಾರೆ. ಆಯಿಯ ಕಾಲನ್ನು ಅಪ್ಪ ಪೂಜೆ ಮಾಡುವುದು ಯಾಕೆ ಎಂದು ಇದರಲ್ಲೇ ತಿಳಿಯುತ್ತದೆ. ನಾನೂ ಸಣ್ಣವಳಿದ್ದಾಗ ಶಾಲೆಯಲ್ಲಿ ಅದೇ ಬಲದ ಮೇಲೆ ಮೆರೆದವಳೇ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ಬೀದರ, ಚಿಂಚೋಳಿಗಳಿಂದಲೂ ಸೊಂಟಗಳು ಬರತೊಡಗಿದವು.

ತೊಂದರೆ ಎಂದರೆ ಆಯಿಗೆ ಈಗ ಎಂಬತ್ತು. ಮೊಣಕಾಲು ಸವೆದಿವೆ. ಹೋದ ವರ್ಷ ಗುರಿ ತಪ್ಪಿ ಒಬ್ಬ ಹೆಡ್ ಮಾಸ್ತರರಿಗೆ ಎಲ್ಲಿಗೋ ಒದ್ದಳು. ಎಲ್ಲಿಗೆ ಎಂದು ಅವರು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಅಂದಿನಿಂದ ಅಪ್ಪನಿಗೆ ವಾರಸುದಾರರ ಚಿಂತೆ. ಅಪ್ಪ ತಲೆ ಮುಂದಾಗಿ ಹುಟ್ಟಿದವ, ನಾನೂ ಹಾಗೆಯೇ. ಎರಡು ತಲೆಮಾರು ವ್ಯರ್ಥವಾಗಿ ಹೋದ ಮೇಲೆ ಮೂರನೆಯದು ದಾರಿಗೆ ಬಂದಿದೆ ಎಂದು ಅಪ್ಪ ಪೇಡೆ ಹಂಚಿದ್ದು.

ನಾನು ಸೀಮಂತದ ಕುಬಸ ಮುಗಿಸಿಕೊಂಡು ತವರಿಗೆ ಬಂದಿದ್ದೆ. ಗಂಡ ಪ್ರೇಮಕುಮಾರ ಕಲಬುರಗಿಯಲ್ಲಿ ಬಟ್ಟೆ ಅಂಗಡಿಯ ಸೇಲ್ಸ್‌ಮನ್. ಗಿರಾಕಿಯ ಮುಂದೆ ನೂರು ಸೀರೆ ಬಿಚ್ಚಿ ಹರವುತ್ತಾನೆ, ಯಾವುದು ಚೆನ್ನಾಗಿದೆ ಎಂದು ಮಾತ್ರ ಸತ್ತರೂ ಹೇಳುವುದಿಲ್ಲ. ಮನೆಯಲ್ಲೂ ಹಾಗೆಯೇ. ಫೋನಿನಲ್ಲಿ ವಿಷಯ ಹೇಳಿದಾಗ, "ಕಾಲು ಕೆಳಗಿದ್ರ ಅದೂ ಛಲೋ, ತಲಿ ಕೆಳಗ ಬಂದ್ರ ಅದೂ ಛಲೋ" ಅಂದ. ನಾನು ಫೋನಿಟ್ಟೆ.

ಆ ವಾರವೇ ಕುಲ್ಸುಮ್ ಆಪಾ ಬಂದರು. ಅವರು ನನ್ನ ಬಸ್ಸಿನ ಡ್ರೈವರ್ ಅಲ್ಲಾವುದ್ದೀನ್ ಭಾಯ್ ಹೆಂಡತಿ. ಬ್ಲೌಸ್ ಹೊಲಿಯುತ್ತಾರೆ. ಮಷೀನಿನ ಮೇಲೆ ಬಾಗಿ ಬಾಗಿ ನಡ ಹಿಡಿದು ಎರಡು ವಾರವಾಗಿತ್ತು. ಆಯಿ ಅವತ್ತು ಒದೆಯಲು ಏಳಲಿಲ್ಲ. ಮೊಣಕಾಲು ನೋವು ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಅಷ್ಟು ದೂರ ಬಂದವರನ್ನು ಹಾಗೇ ಕಳಿಸುವುದು ಹೇಗೆ ಎಂದು ಅಪ್ಪ ಗಡ್ಡ ಕೆರೆದುಕೊಂಡ. ಆಮೇಲೆ ನನ್ನ ಹೊಟ್ಟೆ ನೋಡಿದ. ಆ ನೋಟ ನೋಡಿದಾಗಲೇ ನಾನು ಎದ್ದು ಓಡಬೇಕಿತ್ತು, ಆದರೆ ಮೂವತ್ತಮೂರು ವಾರದ ಬಸುರಿ ಎಲ್ಲಿಗೆ ಓಡುತ್ತಾಳೆ?

"ಒಳಗಿಂದ ಒದ್ರೂ ಒದಿ ಒದೀನೇ ಅಲ್ಲೇನು?" ಅಂದ ಅಪ್ಪ.

ಕುಲ್ಸುಮ್ ಆಪಾ ನಾಚಿಕೊಂಡರು. "ಬೇಟಾ, ನಿನಗ ತ್ರಾಸ ಆಗಲ್ಲ ಅಂದ್ರ ನೋಡಮ್ಮ."

ನಾನು ಸ್ಟೂಲಿನ ಮೇಲೆ ಕುಳಿತೆ. ಅವರು ನನಗೆ ಬೆನ್ನು ಮಾಡಿ ಚಾಪೆಯ ಮೇಲೆ ಕುಳಿತು, ಹಿಡಿದ ಜಾಗವನ್ನು ನನ್ನ ಹೊಟ್ಟೆಗೆ ಒತ್ತಿದರು. ಕಾದೆವು. ಸ್ಟಾಪಿನಲ್ಲಿ ಕಾಯುವವರ ಮುಖದಲ್ಲಿರುವ ಕಳೆಯೇ ನಮ್ಮಿಬ್ಬರ ಮುಖದಲ್ಲೂ ಇತ್ತು. ಕಾಲು ಗಂಟೆಯಾದರೂ ಒದೆ ಇಲ್ಲ. ಏನಾದರೂ ಸಿಹಿ ತಿಂದರೆ ಕೂಸು ಏಳುತ್ತದೆ ಎಂದು ಅಪ್ಪ ಬಾಳೆಹಣ್ಣು ಸುಲಿದು ಕೊಟ್ಟ. ಎರಡು ತಿಂದೆ. ಮೊದಲು ಬಿಕ್ಕಳಿಕೆ ಬಂತು, ಕೂಸಿಗೆ. ಆಮೇಲೆ ಪಕ್ಕೆಲುಬಿನ ಬುಡದಿಂದ ಒಂದು ಒದೆ ಬಿತ್ತು ನೋಡಿ, ನಾನು ಸ್ಟೂಲಿನಿಂದ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಕುಲ್ಸುಮ್ ಆಪಾ "ಯಾ ಅಲ್ಲಾ" ಎಂದು ನೆಟ್ಟಗಾದರು. ನಿಜವಾಗಿಯೂ ನೆಟ್ಟಗಾದರು. ಕೆಳಗಿರಬೇಕಾದ ಕಾಲು ಪಕ್ಕೆಲುಬಿನ ಹತ್ತಿರ ಹೇಗೆ ಒದೆಯಿತು ಎಂದು ಆ ಗದ್ದಲದಲ್ಲಿ ಯಾರೂ ಕೇಳಲಿಲ್ಲ, ಒದೆ ತಿಂದ ನಾನೂ ಕೇಳಲಿಲ್ಲ.

ಮುಂದಿನ ಭಾನುವಾರ ಹನ್ನೊಂದು ಹೆಂಗಸರು ಅಂಗಳದಲ್ಲಿ ಸಾಲು ಹಚ್ಚಿದ್ದರು. ಒಬ್ಬಾಕೆ ತನ್ನ ಅತ್ತೆಯನ್ನೂ, ಆ ಅತ್ತೆ ತನ್ನ ಅಕ್ಕನನ್ನೂ ಕರೆತಂದಿದ್ದಳು. ಮೂರನೆಯ ಸೊಂಟದ ಹೊತ್ತಿಗೆ ನನ್ನ ತಾಳ್ಮೆ ತೀರಿತು. ಎದ್ದು ನಿಂತು, ಒಂಬತ್ತು ವರ್ಷದ ಅಭ್ಯಾಸದ ಗಂಟಲಲ್ಲಿ, "ಬಸ್ ತುಂಬ್ಯಾದ, ಯಾರೂ ಹತ್ತಬ್ಯಾಡ್ರಿ, ಹಿಂದ ಇನ್ನೊಂದು ಬರ್ತದ" ಎಂದು ಕೂಗಿದೆ. ಅಭ್ಯಾಸಬಲದಿಂದ ಅವರೂ ಗೊಣಗುತ್ತ ಚದುರಿದರು.

ಈ ಎಲ್ಲ ಜಾತ್ರೆಯ ನಡುವೆ ಆಯಿ ಮಾತ್ರ ನನ್ನ ಹತ್ತಿರ ಮಾತು ಬಿಟ್ಟಿದ್ದಳು. ನಾನು ಹೋದಲ್ಲಿಂದ ಎದ್ದು ಹೋಗುತ್ತಿದ್ದಳು. ಊಟಕ್ಕೆ ಕುಳಿತರೆ ನನ್ನ ಹೊಟ್ಟೆಯ ಕಡೆ ನೋಡುತ್ತಿರಲಿಲ್ಲ. ಅರವತ್ತು ಎಪ್ಪತ್ತು ವರ್ಷ ತಾನೊಬ್ಬಳೇ ಆಳಿದ ಗದ್ದುಗೆಗೆ ಇನ್ನೊಬ್ಬರು ಬರುತ್ತಿದ್ದಾರೆಂದು ಮುದುಕಿಗೆ ಹೊಟ್ಟೆಕಿಚ್ಚು ಎಂದುಕೊಂಡೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಮೂವತ್ತಾರನೆಯ ವಾರ ಎರಡನೆಯ ಸ್ಕ್ಯಾನಿಂಗ್. ಈ ಸಲ ಅಪ್ಪ ಹಟ ಹಿಡಿದು ಒಳಗೇ ಬಂದ. ಡಾಕ್ಟರ್ ಗೌಸಿಯಾ ತಲೆ ಮೇಲೆಯೇ ಇದೆ ಎಂದರು. ಅಪ್ಪ ಕೈಮುಗಿದ. ಡಾಕ್ಟರು ಅವನನ್ನು ಒಂದು ಕ್ಷಣ ನೋಡಿ, ಔಷಧ ಚೀಟಿಯ ಹಿಂದೆ ಚಿತ್ರ ಬರೆದರು. ಕೂಸು ಸೊಂಟದಲ್ಲಿ ಎರಡಾಗಿ ಮಡಚಿಕೊಂಡು ಕುಳಿತಿದೆ. ಎರಡೂ ಕಾಲು ನೆಟ್ಟಗೆ ಮೇಲಕ್ಕೆ ಹೋಗಿ ಪಾದಗಳು ಮುಖದ ಹತ್ತಿರ ಇವೆ. ಕೆಳಗಡೆ ಬಾಗಿಲಿಗೆ ಆನಿಸಿಕೊಂಡಿರುವುದು ಬೇರೆ ಭಾಗ.

"ಕಾಲಲ್ರಿ ಕಾಕಾ. ಕುಂಡಿ ಅದ ಕೆಳಗ."

ಅಪ್ಪ ಚೀಟಿಯನ್ನು ಮೇಲೆ ಕೆಳಗೆ ಮಾಡಿ ನೋಡಿದ. ತಿರುಗಿಸಿದರೆ ಬೇರೇನಾದರೂ ಆದೀತೇ ಎಂದು ಪರೀಕ್ಷಿಸಿದ.

"ಕುಂಡಿ ಮುಂದಾಗಿ ಹುಟ್ಟಿದವರಿಗಿ ಏನರ ಗುಣ ಇರ್ತದೇನ್ರಿ ಮೇಡಂ?"

"ಇರ್ತದಲ್ರಿ. ಕುಂದ್ರಲಾಕ ಬರ್ತದ."

ನಾನು ನಕ್ಕೆ, ನರ್ಸ್ ಮರಿಯಮ್ ನಕ್ಕಳು. ಡಾಕ್ಟರು ನಗಲಿಲ್ಲ. ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು ನನಗೆ ಮಾತ್ರ ಹೇಳುವಂತೆ ಹೇಳಿದರು.

"ನೋಡ್ರಿ, ತಲಿ ಕೂಸಿನ ಮೈಯಾಗ ಎಲ್ಲಾದ್ರಕಿಂತ ದೊಡ್ಡದು. ಅದು ಮೊದ್ಲ ಬಂದ್ರ ಹಾದಿ ಮಾಡಿಕೊಂಡು ಬರ್ತದ, ಹಿಂದಿನ ಮೈ ಸಲೀಸು ಬರ್ತದ. ಉಲ್ಟಾ ಬಂದ್ರ ಮೈ ಜಾರಿ ಬಂದುಬಿಡ್ತದ, ತಲಿ ಕಡೀಕ ಉಳೀತದ. ಅಲ್ಲಿ ಸಿಕ್ಕೊಂಡ್ರ ನನ್ನ ಕೈಯಾಗ ಟೈಮ್ ಭಾಳ ಇರೂದಿಲ್ಲ. ಕೂಸಿಗೂ ತ್ರಾಸ, ನಿಮಗೂ ತ್ರಾಸ."

ಅವರು ಎರಡು ದಾರಿ ಹೇಳಿದರು. ಬರುವ ವಾರ ಹೊಟ್ಟೆಯ ಮೇಲಿಂದಲೇ ಕೈಯಿಂದ ಒತ್ತಿ ಕೂಸನ್ನು ತಿರುಗಿಸಲು ನೋಡುವುದು. ಅರ್ಧದಷ್ಟು ಜನರಿಗೆ ಆಗುತ್ತದೆ, ಅರ್ಧ ಜನರಿಗೆ ಆಗುವುದಿಲ್ಲ. ಆಗದಿದ್ದರೆ ಮೊದಲೇ ದಿನ ನೋಡಿ ಆಪರೇಷನ್.

"ತಿರುವಬ್ಯಾಡ್ರಿ," ಅಂದ ಅಪ್ಪ. "ಇನ್ನಾ ಮೂರು ವಾರ ಅದಲ್ಲ. ಅಷ್ಟರಾಗ ಒಂದು ಕಾಲು ಕೆಳಗ ಬಿಟ್ಟೀತು."

"ಬಿಟ್ರ ಇನ್ನಾ ಕೆಟ್ಟದ್ದು ಕಾಕಾ. ಕಾಲಿನ ಬಾಜೂಕ ಹೊಕ್ಕಳ ಬಳ್ಳಿ ಜಾರಿ ಬಿದ್ರ ಕೂಸು ಉಳೀದಿಲ್ಲ."

"ನಮ್ಮವ್ವ ಹಂಗೇ ಹುಟ್ಯಾಳ್ರಿ. ಎಂಬತ್ತು ವರ್ಷ ಆತು, ಗಟ್ಟಿ ಅದಾಳ."

ಡಾಕ್ಟರ್ ಗೌಸಿಯಾ ಚಿತ್ರವಿದ್ದ ಚೀಟಿಯನ್ನು ಅಪ್ಪನ ಕೈಯಿಂದ ತೆಗೆದು ನನ್ನ ಕೈಗೆ ಕೊಟ್ಟರು.

ಆ ರಾತ್ರಿಯಿಂದ ನನಗೆ ಭಯ ಶುರುವಾಯಿತು. ಅಲ್ಲಿಯವರೆಗೂ ಇದೆಲ್ಲ ತಮಾಷೆಯಾಗಿತ್ತು. ಈಗ ಬಲಪಕ್ಕೆಯ ಕೆಳಗೆ ಗಟ್ಟಿಯಾಗಿ ಕೈಗೆ ಸಿಗುವ ಗುಂಡನ್ನು ಮುಟ್ಟಿದಾಗಲೆಲ್ಲ, ಇದೇ ತಲೆ, ಇದು ಕಡೆಗೆ ಉಳಿಯುತ್ತದೆ ಎಂದು ಕೈ ಹಿಂದೆಗೆಯುತ್ತಿದ್ದೆ. ಸಾಯುತ್ತೇನೇನೋ ಎಂದು ಹೆದರಿದ್ದೆ. ಯಾರಿಗೂ ಹೇಳಲಿಲ್ಲ, ಏಕೆಂದರೆ ನಾನು ಹೆದರುವವಳು ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಂಗಡಿಯ ಮುಂದೆ ಅಪ್ಪ ದಿನಾ ಸಭೆ ನಡೆಸುತ್ತಿದ್ದ. ಬಾಳೆಹಣ್ಣು ಕೊಳ್ಳಲು ಬಂದವರೆಲ್ಲ ನನ್ನ ಗರ್ಭಕೋಶದ ಬಗ್ಗೆ ಅಭಿಪ್ರಾಯ ಕೊಟ್ಟು ಹೋಗುತ್ತಿದ್ದರು. ಸೈಕಲ್ ಅಂಗಡಿಯ ಮೌನೇಶ, ಜೀವಮಾನದಲ್ಲಿ ಒಂದು ಪಂಕ್ಚರನ್ನು ನೆಟ್ಟಗೆ ಹಾಕದವ, ಒಂದು ಟಾರ್ಚ್ ಹಚ್ಚಿ ಹೊಟ್ಟೆಯ ಕೆಳಗೆ ಹಿಡಿದರೆ ಕೂಸು ಬೆಳಕು ನೋಡಿ ಕಾಲು ಚಾಚುತ್ತದೆ ಎಂದ. ಪ್ರೇಮಕುಮಾರ ಶನಿವಾರ ಸಂಜೆ ಬಂದು ಎಲ್ಲರ ಮಾತಿಗೂ ತಲೆಯಾಡಿಸಿದ. ನಾನು ಅವನನ್ನು ಒಳಗೆ ಕರೆದು, "ನೀವು ಏನಂತೀರಿ" ಎಂದು ಕೇಳಿದೆ.

"ಹಿರಿಯರು ಒಂದು ಹೇಳ್ತಾರ, ಡಾಕ್ಟರು ಒಂದು ಹೇಳ್ತಾರ."

"ನಾ ಕೇಳಿದ್ದು ನಿಮ್ಮನ್ನ."

ಅವನು ನೆಲ ನೋಡಿದ. "ನೀ ಇರಬೇಕು," ಅಂದ. "ಬಾಕಿದ್ದು ನನಗ ತಿಳಿಯಂಗಿಲ್ಲ." ಐದು ವರ್ಷದ ಸಂಸಾರದಲ್ಲಿ ಅವನು ಆರಿಸಿ ಕೊಟ್ಟ ಮೊದಲ ಸೀರೆ ಅದು. ನಾನು ಅವನ ಕೈ ಹಿಡಿದುಕೊಂಡೆ.

ನನ್ನ ಮನಸ್ಸು ಗಟ್ಟಿಯಾಯಿತು, ಆದರೆ ಒಂದು ಮುಳ್ಳು ಉಳಿದಿತ್ತು. ಅಪ್ಪನ ಮಾತು ಮೀರಬಲ್ಲೆ, ಆಯಿಯ ಮಾತನ್ನಲ್ಲ. ಅವ್ವ ಹೊಲದ ಕೂಲಿಗೆ ಹೋಗುವಾಗ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಆಯಿ. ಅವಳ ಕಾಲಿನ ಗುಣ ಈ ಮನೆಯಲ್ಲಿ ಉಳಿಯಲಿ ಎಂಬ ಆಸೆ ಅವಳಿಗಿದ್ದರೆ, ಅದನ್ನು ನಾನೇ ಕೈಯಾರೆ ತಿರುಗಿಸಿ ಹಾಕಿದೆ ಎಂದಾಗಬಾರದು. ಸೋಮವಾರ ಬೆಳಿಗ್ಗೆ ಹಿತ್ತಲಿಗೆ ಹೋದೆ. ಆಯಿ ಮೊರದಲ್ಲಿ ತೊಗರಿ ಬೇಳೆ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಏಳಲು ಹೋದಳು. ನಾನು ಮೊರದ ಅಂಚು ಹಿಡಿದು ಕುಳಿತೆ.

"ಆಯಿ, ಡಾಕ್ಟರ್ ಕೂಸಿಗಿ ತಿರುವ್ತೀನಿ ಅಂದಾರ. ನೀ ಬ್ಯಾಡ ಅಂದ್ರ ಮಾಡ್ಸೂದಿಲ್ಲ."

"ನಾ ಯಾಕ ಬ್ಯಾಡ ಅನ್ಲಿ?"

"ನಿನ್ನ ಕಾಲಿನ ಗುಣ ಮುಂದ ನಡೀಬೇಕು ಅಂತ ಅಪ್ಪ ಹೇಳ್ತಾನ."

"ನಿಮ್ಮಪ್ಪಗ ಬುದ್ಧಿ ಇಲ್ಲ. ನಾನೇ ಹಡದೀನಿ, ನನಗ ಗೊತ್ತಿಲ್ಲೇನು?"

ಅವಳು ಬೇಳೆಯಲ್ಲಿದ್ದ ಒಂದು ಕಲ್ಲು ಹೆಕ್ಕಿ ಆಚೆ ಎಸೆದಳು. ಆಮೇಲೆ ತಲೆ ಎತ್ತದೆ ಕೇಳಿದಳು.

"ನಮ್ಮವ್ವ ಯಾವಾಗ ಸತ್ಲು, ಗೊತ್ತದೇನು ನಿನಗ?"

"ನೀ ಸಣ್ಣಾಕಿ ಇದ್ದಾಗ."

"ಎಷ್ಟು ಸಣ್ಣಾಕಿ?"

ನನಗೆ ಗೊತ್ತಿರಲಿಲ್ಲ. ಮೂವತ್ತೊಂದು ವರ್ಷ ಆ ಕಾಲಿನ ಕಥೆ ಕೇಳಿದವಳು, ಇದನ್ನು ಒಂದು ಸಲವೂ ಕೇಳಿರಲಿಲ್ಲ.

"ಕುತ್ತಿಗಿ ತನಕ ಹೊರಗ ಬಂದಿದ್ದೆ. ತಲಿ ಒಳಗಿತ್ತು. ಅಷ್ಟು ಸಣ್ಣಾಕಿ," ಅಂದಳು ಆಯಿ. "ಸೂಲಗಿತ್ತಿ ನನ್ನ ಕಾಲು ಹಿಡದು ಜಗ್ಗಿದ್ಲು. ನಾ ಬಂದೆ. ನಮ್ಮವ್ವನ ರಕ್ತ ನಿಲ್ಲಲಿಲ್ಲ. ಮುಂಜಾನಿ ಹಡದಾಕಿ ಹೊತ್ತು ಮುಳುಗೂದ್ರಾಗ ಹೋದ್ಲು. ಬಂದ ಮಂದಿ ಎಲ್ಲ ನನ್ನ ಕಾಲು ನೋಡಿದ್ರು. ಹುಡುಗಿ ಗುಣದಾಕಿ, ಕಾಲು ಮುಂದಾಗಿ ಬಂದಾಳ ಅಂದ್ರು. ಅಕಿನ್ನ ಯಾರೂ ನೋಡಲಿಲ್ಲ. ಭಾಗಮ್ಮ ಅಂತ ಹೆಸರು. ಅದನ್ನರ ಯಾರರ ನಿನಗ ಹೇಳ್ಯಾರೇನು?"

"ಇಲ್ಲ."

"ನಮ್ಮ ಸೋದರತ್ತಿ ಹೇಳಿದ್ಲು ನನಗ ಇದೆಲ್ಲ, ನಾ ಮೈನೆರೆದ ಮ್ಯಾಲ. ನಾ ಐದು ವರ್ಷದಾಕಿ ಇದ್ದಾಗಿಂದ ಒದೀಲಾಕ ಹಚ್ಚಿದ್ರು. ಆಗ ಆಟ ಆಗಿತ್ತು. ತಿಳಿದ ಮ್ಯಾಲ ಸಿಟ್ಟು ಬಂತು. ಸಿಟ್ಟು ಬಂದಾಕಿ ಏನ್ ಮಾಡ್ಬೇಕು, ಮಂದಿ ತಾವೇ ಬಂದು ಮುಂದ ಮಲಗ್ತಿದ್ರು. ಒದ್ದೆ."

ಅವಳು ಹೇಳಿದ ರೀತಿಗೆ ನನಗೆ ನಗು ಬಂತು, ನಗುತ್ತಲೇ ಅಳು ಬಂತು, ಎರಡನ್ನೂ ತಡೆಯಲಿಲ್ಲ. ಆಯಿ ಒಂದು ತಿಂಗಳಿನಿಂದ ಮುಟ್ಟದ ನನ್ನ ಹೊಟ್ಟೆಯ ಮೇಲೆ ಬೇಳೆಯ ಧೂಳಿನ ಕೈ ಇಟ್ಟಳು. "ನಿನ್ನ ನೋಡಿದ್ರ ಅಂಜಿಕಿ ಬರ್ತಿತ್ತು. ಅದಕ್ಕ ನೋಡ್ತಿದ್ದಿಲ್ಲ," ಅಂದಳು. ನಾನು ಹೊಟ್ಟೆಕಿಚ್ಚು ಎಂದುಕೊಂಡಿದ್ದು ಇದನ್ನು.

ಆಯಿ ಮೊರ ಕೆಳಗಿಟ್ಟು, ಗೋಡೆ ಹಿಡಿದು, ಅಂಗಡಿಯ ತನಕ ನಡೆದಳು. ಸಭೆ ನೆರೆದಿತ್ತು. ಎಲ್ಲರ ಎದುರಿಗೇ ಅಪ್ಪನಿಗೆ ಭಾಗಮ್ಮನ ಸಾವನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಮೌನೇಶ ಟಾರ್ಚನ್ನು ಜೇಬಿಗೆ ಸೇರಿಸಿದ. ಅರವತ್ತು ವರ್ಷ ಆ ಕಾಲಿನ ಕೀರ್ತಿ ಹಾಡಿದ ನನ್ನ ಅಪ್ಪ ಒಂದು ಬಾಳೆಗೊನೆ ಹಿಡಿದುಕೊಂಡು ಎಲ್ಲಿಡಬೇಕು ಎಂದು ತೋಚದೆ ನಿಂತಿದ್ದ.

"ಮತ್ತ ಒದಿಯೂದು ಯವ್ವಾ?" ಅಂದ ಕಡೆಗೆ.

"ಸಾಕು. ನಡ ಹಿಡದವರು ನಾಕು ದಿನ ಮಲಗ್ಲಿ, ತಾನೇ ಬಿಡ್ತದ."

ತಿರುಗಿಸುವ ದಿನ ಆಯಿ ನನ್ನ ಜೊತೆಗೇ ಬಂದಳು. ಅಲ್ಲಾವುದ್ದೀನ್ ಭಾಯ್ ರಸ್ತೆಯ ಪ್ರತಿ ಹಂಪಿನ ಮುಂದೆ ಬಸ್ಸನ್ನು ನಿಲ್ಲಿಸಿ, ದಾಟಿಸಿ, ಮತ್ತೆ ಹೊರಡಿಸಿದರು. ಕಲಬುರಗಿ ಮುಟ್ಟಲು ಅರ್ಧ ಗಂಟೆ ತಡವಾಯಿತು, ಒಬ್ಬರೂ ತುಟಿ ಬಿಚ್ಚಲಿಲ್ಲ. ಅಪ್ಪ ಹಿಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡು ಕುಳಿತಿದ್ದ.

ಗರ್ಭಕೋಶ ಸಡಿಲಾಗಲು ಒಂದು ಇಂಜೆಕ್ಷನ್ ಕೊಟ್ಟರು. ಡಾಕ್ಟರ್ ಗೌಸಿಯಾ ಒಂದು ಕೈಯಿಂದ ಕೂಸಿನ ತಲೆಯನ್ನೂ ಇನ್ನೊಂದರಿಂದ ಅದರ ಆಸನವನ್ನೂ ಹಿಡಿದು, ರೊಟ್ಟಿ ಹಿಟ್ಟು ನಾದುವವರಂತೆ ಒತ್ತಿದರು. ನೋವಾಯಿತು. ಬಸ್ಸಿನಲ್ಲಿ ಅಂದದ್ದನ್ನೆಲ್ಲ ನಾನು ಕೂಸಿಗೂ ಅಂದೆ: ಮುಂದೆ ನಡಿ, ಬಾಗಿಲಲ್ಲಿ ನಿಲ್ಲಬೇಡ, ಒಳಗೆ ಜಾಗ ಇದೆ, ತಿರುಗು ತಾಯಿ. ಕೂಸು ಅಡ್ಡಕ್ಕೆ ಬಂತು. ಮರಿಯಮ್ ಸಿಸ್ಟರ್ ನನ್ನ ಭುಜ ಹಿಡಿದುಕೊಂಡಳು. ಆಮೇಲೆ ಅದು ಸ್ಪ್ರಿಂಗಿನಂತೆ ತನ್ನ ಜಾಗಕ್ಕೇ ವಾಪಸು ಹೋಗಿ ಕುಳಿತಿತು. ಎರಡನೆಯ ಸಲ ಒತ್ತುವಾಗ ಯಂತ್ರದಲ್ಲಿ ಅದರ ಎದೆಬಡಿತ ನಿಧಾನವಾಯಿತು. ಡಾಕ್ಟರು ತಕ್ಷಣ ಕೈ ತೆಗೆದರು. ಬಡಿತ ಮೊದಲಿನಂತಾಗುವ ತನಕ ನಾವೆಲ್ಲ ಆ ಯಂತ್ರವನ್ನೇ ನೋಡಿದೆವು.

"ಸಾಕು," ಅಂದರು ಅವರು. "ಅದಕ್ಕ ಮನಸಿಲ್ಲ. ನಾವು ಹಟ ಮಾಡೂದು ಬ್ಯಾಡ."

ಮೂವತ್ತೊಂಬತ್ತನೆಯ ವಾರ, ಒಂದು ಗುರುವಾರ ಬೆಳಿಗ್ಗೆ ಆಪರೇಷನ್ ಆಯಿತು. ಸೊಂಟದ ಕೆಳಗೆ ನಾನು ಇಲ್ಲವೇ ಇಲ್ಲ ಎನ್ನುವಂತಿತ್ತು. ಎದೆಯ ಮುಂದೆ ಹಸಿರು ಬಟ್ಟೆ ಕಟ್ಟಿದ್ದರು. ಅದರ ಆಚೆಯಿಂದ ಎಳೆದಂತಾಯಿತು, ಆಮೇಲೆ ಅಳು ಕೇಳಿತು. ಅದು ನನ್ನ ಗಂಟಲೇ, ಅನುಮಾನವೇ ಬೇಡ. ಹೆಣ್ಣು ಎಂದರು. ಎರಡೂ ಕಾಲನ್ನು ಕಿವಿಯ ತನಕ ಮಡಚಿಕೊಂಡೇ ಹೊರಗೆ ಬಂದಳಂತೆ. ಕೆನ್ನೆಗೆ ತಾಗಿಸಿ ತೋರಿಸಿ, ಬೆಚ್ಚಗಿಡಲು ಒಯ್ದರು.

ನನ್ನನ್ನು ವಾರ್ಡಿಗೆ ತಂದಾಗ ಯಾರೂ ಇರಲಿಲ್ಲ. ಅಪ್ಪ, ಅವ್ವ, ಕುಲ್ಸುಮ್ ಆಪಾ, ಎಲ್ಲರೂ ಕೂಸಿನ ಕೋಣೆಯ ಗಾಜಿಗೆ ಮೂಗು ಹಚ್ಚಿ ನಿಂತಿದ್ದರು. ಪ್ರೇಮಕುಮಾರ ನನ್ನ ಮುಖ ನೋಡಿ, ಕೈ ಒತ್ತಿ, ಔಷಧ ತರಲು ಓಡಿದ. ಸ್ವಲ್ಪ ಹೊತ್ತಿಗೆ ಆಯಿ ಗೋಡೆ ಹಿಡಿದುಕೊಂಡು ಒಬ್ಬಳೇ ಬಂದಳು. ಸ್ಟೂಲ್ ಎಳೆದು ಮಂಚದ ಪಕ್ಕ ಕುಳಿತಳು.

"ಕೂಸಿಗಿ ನೋಡಿದ್ಯಾ ಆಯಿ?"

"ಇಲ್ಲ. ಅದಕ್ಕ ಮಂದಿ ಭಾಳ ಅದಾರ."

ಅವಳು ಮರಿಯಮ್ ಸಿಸ್ಟರನ್ನು ಕರೆದು, "ರಕ್ತ ನಿಂತದೇನವ್ವ ಇಕೀದು?" ಎಂದು ಕೇಳಿದಳು. ಸಿಸ್ಟರ್ ಹೊದಿಕೆ ಸರಿಸಿ ನೋಡಿ, ನಿಂತದ, ಎಲ್ಲಾ ಛಲೋ ಅದ ಎಂದಳು. ಮಧ್ಯಾಹ್ನ ಆಯಿ ಮತ್ತೆ ಅದನ್ನೇ ಕೇಳಿದಳು. ಅಪ್ಪ ಬಾಗಿಲಿಗೆ ಬಂದು, ಡಾಕ್ಟರು ಹೊರಗೆ ಎಳೆಯುವಾಗ ಕಾಲಿನ ಬೆರಳು ಸ್ವಲ್ಪ ಮುಂಚೆ ಬಂದಿದ್ದರೂ ಬಂದಿರಬಹುದು, ಕೇಳಿ ನೋಡಲೇ ಎಂದ. ಆಯಿ ತಿರುಗಿಯೂ ನೋಡದೆ, "ಹೊರಗ ನಡಿ ದತ್ತ, ಹುಡುಗಿ ಮಲಗ್ಯಾಳ," ಅಂದಳು. ನಾನು ಮಲಗಿರಲಿಲ್ಲ.

"ಮೊಮ್ಮಗಳ ಮಗಳು ಆಯಿ. ಹೋಗಿ ಒಂದು ಸಲ ನೋಡಿ ಬಾ," ಅಂದೆ.

"ನೋಡ್ತೀನಿ ತಡಿ. ಹೊತ್ತು ಮುಳುಗ್ಲಿ."

ಅವಳು ಊಟಕ್ಕೂ ಏಳಲಿಲ್ಲ. ಅವಳ ಕೈ ನನ್ನ ಕೈಯ ಮೇಲಿತ್ತು. ಕಿಟಕಿಯ ಬಿಸಿಲು ಎದುರಿನ ಗೋಡೆಗೆ ಹೋಗಿ, ಮೇಲೇರಿ, ಕೆಂಪಾಗಿ, ಇಲ್ಲವಾಯಿತು. ಸಿಸ್ಟರ್ ಬಂದು ದೀಪ ಹಾಕಿದಳು. ಆಯಿ ಮೂರನೆಯ ಸಲ ಕೇಳಿದಳು, ಸಿಸ್ಟರ್ ಮೂರನೆಯ ಸಲ ನೋಡಿ, ನಿಂತದ ಆಯಿ ಎಂದಳು. ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ಮುಖವನ್ನು ಇನ್ನೊಂದು ಸಲ ನೋಡಿದಳು.

"ಈಗ ಕೂಸಿಗಿ ತರ್ರಿ," ಅಂದಳು.